ಕ್ರ್ಯಾಬ್ ಕವಿಯ ಗ್ರಾಮಕಾವ್ಯದಲ್ಲಿ ಸ್ವಭಾವೋಕ್ತಿ

ಆಂಗ್ಲ ಸಾಹಿತ್ಯದಲ್ಲಿ ಗ್ರಾಮಜೀವನವನ್ನು ವಸ್ತುವಾಗಿ ಉಳ್ಳ ಕಾವ್ಯಗಳನ್ನು ಪಾಠ ಹೇಳುವಾಗ ಗೋಲ್ಡ್‌ಸ್ಮಿತ್ ಕವಿಯ ‘ಡೆಸರ್ಟೆಡ್ ವಿಲೇಜ್’ (1770) ಎಂಬುದನ್ನು ಒಂದು ಕಡೆಯಲ್ಲಿಯೂ, ಜಾರ್ಜ್ ಕ್ರ್ಯಾಬ್ ಕವಿಯ ‘ವಿಲೇಜ್’ (1783) ಎಂಬುದನ್ನು ಮತ್ತೊಂದು ಕಡೆಯಲ್ಲಿಯೂ ಇಟ್ಟು, ಮೊದಲನೆಯದು ಮನೋಹರವಾದ ಕಲ್ಪನೆ, ಎರಡನೆಯದು ಕಟುವಾದ ಸತ್ಯ ಎಂದು ವಿಭಾಗಿಸುವುದು ವಾಡಿಕೆಯಾಗಿದೆ. ಈ ವಿಭಾಗವು ವಿದ್ಯಾರ್ಥಿಗಳಿಗೆ ನೆನಪಿಡಲು ಸುಲಭ, ಪರೀಕ್ಷೆಗೂ ಅನುಕೂಲ. ಆದರೆ ಕಾವ್ಯವಿಚಾರದಲ್ಲಿ ಇದು ನಿಲ್ಲತಕ್ಕದ್ದಲ್ಲ. ಕ್ರ್ಯಾಬನ ನಿಜವಾದ ಸಿದ್ಧಿಯು ಗೋಲ್ಡ್‌ಸ್ಮಿತ್ತನನ್ನು ಖಂಡಿಸಿದ ಆ ಮೊದಲ ಕಾವ್ಯದಲ್ಲಿಲ್ಲ. 24 ವರ್ಷಗಳ ತರುವಾಯ, ಖಂಡನಬುದ್ಧಿಯು ಅಡಗಿದ ಮೇಲೆ, 1807ರಲ್ಲಿ ಪ್ರಕಟಿಸಿದ ‘ಪ್ಯಾರಿಷ್ ರಿಜಿಸ್ಟರ್’ ಎಂಬ ಕಾವ್ಯದಲ್ಲಿದೆ. ಇವೆರಡಕ್ಕೂ ಇರುವ ಭೇದವನ್ನು ತಿಳಿಯಲು ನಮ್ಮ ಆಲಂಕಾರಿಕರು ಸ್ವಭಾವೋಕ್ತಿಯ ವಿಷಯದಲ್ಲಿ ಮಾಡಿರುವ ಚರ್ಚೆಯು ಬಹಳ ಸಹಾಯಕವಾಗುತ್ತದೆ.

‘ವಿಲೇಜ್’ ಕಾವ್ಯದ ವಸ್ತುವನ್ನು ಮೊದಲು ನೋಡಬಹುದು. ಕ್ರ್ಯಾಬನು 1754ರಲ್ಲಿ ಸಫೋಕ್ ಪ್ರಾಂತದ ಆಲ್ಡ್‌ಬರೋ ಎಂಬ ಸಮುದ್ರತೀರದ ಬಡ ಊರಿನಲ್ಲಿ ಹುಟ್ಟಿದವನು. ಶಸ್ತ್ರವೈದ್ಯರ ಬಳಿಯಲ್ಲಿ ಶಿಷ್ಯವೃತ್ತಿಯನ್ನು ಮಾಡಿ, ವೈದ್ಯನಾಗಿ ಸೋತು, 1780ರಲ್ಲಿ ಲಂಡನ್ನಿಗೆ ಹೋಗಿ, ಹಸಿವಿನ ಅಂಚಿನಲ್ಲಿದ್ದಾಗ ಎಡ್ಮಂಡ್ ಬರ್ಕನ ಕೃಪೆಯಿಂದ ಬದುಕಿದವನು. ಆಮೇಲೆ ಪಾದ್ರಿಯ ದೀಕ್ಷೆಯನ್ನು ಪಡೆದನು. ಮರಳುನೆಲದ ಬಡತನವನ್ನೂ, ರೋಗಿಗಳ ಹಾಸಿಗೆಯನ್ನೂ ಆತನು ಕಣ್ಣಾರೆ ಕಂಡಿದ್ದನು. ಆದುದರಿಂದಲೇ ಗೋಪಾಲಕರು ಕೊಳಲೂದುತ್ತ ಸುಖವಾಗಿರುವರೆಂಬ ಕವಿಸಮಯವನ್ನು ಕೇಳಿ ಆತನಿಗೆ ಕೋಪ ಬಂದಿತು. ಮಣ್ಣಿನ ಗೋಡೆಯ ಅನಾಥಾಲಯ, ಅಲ್ಲಿ ಸಾಯುತ್ತಿರುವ ಮುದುಕ, ರೋಗಿಯನ್ನು ಸರಿಯಾಗಿ ನೋಡದೆ ಓಡುವ ವೈದ್ಯ, ಬೇಟೆಯಲ್ಲಿ ಮಗ್ನನಾದ ಪಾದ್ರಿ, ಇವು ಮೊದಲನೆಯ ಭಾಗದ ಚಿತ್ರಗಳು. ಇವುಗಳ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಹಸ್ತಪ್ರತಿಯನ್ನು ನೋಡಿದ ಡಾಕ್ಟರ್ ಜಾನ್ಸನ್ನನು ಮೆಚ್ಚಿ ಕೆಲವು ಪಂಕ್ತಿಗಳನ್ನು ತಿದ್ದಿಯೂ ಕೊಟ್ಟನು. ಆದರೂ ಈ ಕಾವ್ಯದ ಹಳ್ಳಿಗರಲ್ಲಿ ಒಬ್ಬನಿಗೂ ಹೆಸರಿಲ್ಲ. ಮುದುಕನು ‘ಮುದುಕ’, ವೈದ್ಯನು ‘ವೈದ್ಯ’. ಎರಡನೆಯ ಭಾಗದ ಕೊನೆಯಲ್ಲಿ ದೀರ್ಘವಾದ ಶೋಕವನ್ನು ಹೆಸರು ಹಿಡಿದು ಪಡೆಯುವವನು ಯಾರೆಂದರೆ, 1782ರಲ್ಲಿ ನೌಕಾಯುದ್ಧದಲ್ಲಿ ಗಾಯಗೊಂಡು ಮಡಿದ ಲಾರ್ಡ್ ರಾಬರ್ಟ್ ಮ್ಯಾನರ್ಸ್, ಅಂದರೆ ಕವಿಗೆ ಆಶ್ರಯವಿತ್ತ ರಟ್ಲೆಂಡ್ ಪ್ರಭುವಿನ ತಮ್ಮ! ಬಡವರ ಪಕ್ಷವನ್ನು ಹಿಡಿದು ಹೊರಟ ಕಾವ್ಯವು ಪ್ರಭುವಿನ ಮನೆಯ ಬಾಗಿಲಲ್ಲಿ ಬಂದು ನಿಂತಿತು. ಗೋಲ್ಡ್‌ಸ್ಮಿತ್ತನು ಗ್ರಾಮಸುಖದ ಸಾಮಾನ್ಯರೂಪವನ್ನು ಬರೆದರೆ, ಕ್ರ್ಯಾಬನು ಗ್ರಾಮದುಃಖದ ಸಾಮಾನ್ಯರೂಪವನ್ನು ಬರೆದನು. ಬಣ್ಣವು ಬೇರೆ, ಕುಂಚವು ಒಂದೇ.

‘ಪ್ಯಾರಿಷ್ ರಿಜಿಸ್ಟರ್’ ಕಾವ್ಯವನ್ನು ವಿಚಾರಿಸುವುದಕ್ಕೆ ಮುಂಚೆ ‘ಪ್ಯಾರಿಷ್’ ಎಂದರೇನೆಂಬುದನ್ನು ಹೇಳಬೇಕಾಗಿದೆ. ಇದನ್ನು ಗ್ರಾಮವೆಂದು ಭಾಷಾಂತರಿಸಿದರೆ ಅರ್ಥವು ಪೂರ್ತಿಯಾಗುವುದಿಲ್ಲ. ಒಂದು ಚರ್ಚಿಗೂ ಅದರ ಪಾದ್ರಿಗೂ ಒಳಪಟ್ಟ ನೆಲವೇ ಪ್ಯಾರಿಷ್. ಆ ನೆಲದ ಬೆಳೆಯಲ್ಲಿ ದಶಾಂಶವು ಆಗ ಪಾದ್ರಿಗೆ ಸಲ್ಲತಕ್ಕದ್ದಾಗಿತ್ತು. 1601ರ ಶಾಸನದಂತೆ ಅಲ್ಲಿಯ ದರಿದ್ರರನ್ನು ಪೋಷಿಸುವ ಭಾರವು ಆ ಪ್ಯಾರಿಷ್‌ನ ಮೇಲೆಯೇ ಬೀಳುತ್ತಿತ್ತು. 1662ರ ಶಾಸನದ ಮೇರೆಗೆ, ಹೊರಗಿನಿಂದ ಬಂದ ಬಡವನು ಭಾರವಾದಾನೆಂಬ ಶಂಕೆಯುಂಟಾದರೆ ಅವನನ್ನು ಅವನ ಸ್ವಂತ ಪ್ಯಾರಿಷ್‌ಗೆ ಅಟ್ಟಬಹುದಾಗಿತ್ತು. ಹೀಗಾಗಿ ಒಬ್ಬನು ಎಲ್ಲಿ ಹುಟ್ಟಿದನು, ಯಾರನ್ನು ಮದುವೆಯಾದನು, ಎಲ್ಲಿ ಹೂಳಲ್ಪಟ್ಟನು ಎಂಬುದು ಧರ್ಮದ ವಿಷಯ ಮಾತ್ರವಲ್ಲದೆ ಅನ್ನದ ವಿಷಯವೂ ಆಗಿತ್ತು. ಇವುಗಳನ್ನು ಬರೆದಿಡುವ ಪುಸ್ತಕಗಳನ್ನು ಎಲ್ಲ ಪ್ಯಾರಿಷ್‌ಗಳಲ್ಲಿಯೂ ಇಡತಕ್ಕದ್ದೆಂದು 1538ರಲ್ಲಿ ತಾಮಸ್ ಕ್ರಾಮ್‌ವೆಲ್ಲನು ಆಜ್ಞೆಯನ್ನು ಹೊರಡಿಸಿದನು. ಪ್ರಭುವಿನ ಹೆಸರೂ ಕೂಲಿಯವನ ಹೆಸರೂ ಒಂದೇ ಹಾಳೆಯಲ್ಲಿ, ಒಂದೇ ಮಸಿಯಲ್ಲಿ, ಬಂದ ತಾರೀಖಿನ ಕ್ರಮದಲ್ಲಿ ನಿಲ್ಲುವ ಪುಸ್ತಕವಿದು.

ಕ್ರ್ಯಾಬನು ಈ ಪುಸ್ತಕವನ್ನೇ ತನ್ನ ಕಾವ್ಯದ ಶರೀರವನ್ನಾಗಿ ಮಾಡಿಕೊಂಡನು. ವರ್ಷದ ಕೊನೆಯಲ್ಲಿ ಹಳ್ಳಿಯ ಪಾದ್ರಿಯೊಬ್ಬನು ತನ್ನ ದಾಖಲೆಯ ಪುಟಗಳನ್ನು ತಿರುವಿ, ಒಂದೊಂದು ಹೆಸರನ್ನು ಕಂಡಾಗಲೂ ಆ ವ್ಯಕ್ತಿಯ ಚರಿತ್ರೆಯನ್ನು ನೆನೆಯುತ್ತಾನೆ. ನಾಮಕರಣ, ವಿವಾಹ, ಸಮಾಧಿ ಎಂದು ಮೂರು ಭಾಗಗಳು. ಕಥೆಯಿಲ್ಲ, ನಾಯಕನಿಲ್ಲ, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಆರಂಭದಲ್ಲಿಯೇ ಕವಿಯು ಬಡವರ ‘ವಾರ್ಷಿಕ ವೃತ್ತಾಂತ’ವೆಂಬ ಅರ್ಥದ ಮಾತೊಂದನ್ನು ಇಟ್ಟಿದ್ದಾನೆ, ಅದು ಗ್ರೇ ಕವಿಯ ಸುಪ್ರಸಿದ್ಧವಾದ ‘ಎಲಿಜಿ’ (1751) ಕಾವ್ಯದಿಂದ ಬಂದುದು. ಆದರೆ ಗ್ರೇ ಕವಿಯು ಸಂಧ್ಯಾಕಾಲದಲ್ಲಿ ಹಳ್ಳಿಯ ಸ್ಮಶಾನದಲ್ಲಿ ನಿಂತು, ಅಲ್ಲಿ ಮಲಗಿರುವವರು ಅವಕಾಶವಿದ್ದಿದ್ದರೆ ಏನಾಗುತ್ತಿದ್ದರೆಂದು ಊಹಿಸುತ್ತಾನೆ. ಕ್ರ್ಯಾಬನು ಪುಸ್ತಕವನ್ನು ತೆರೆದು ಅವರು ಏನಾಗಿದ್ದರೆಂದು ಓದುತ್ತಾನೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಇರುವುದನ್ನು ಇದ್ದಂತೆ ಪಟ್ಟಿಮಾಡಿದರೆ ಅದು ಕಾವ್ಯವಾಗುವುದು ಹೇಗೆ? ಹ್ಯಾಜ್ಲಿಟ್ ಎಂಬ ವಿಮರ್ಶಕನು 1825ರಲ್ಲಿ ಕ್ರ್ಯಾಬನ ಮೇಲೆ ಹೊರಿಸಿದ ದೋಷದ ಸಾರವು ಇದೇ. ನಮ್ಮಲ್ಲಿಯೂ ಭಾಮಹನು ಸೂರ್ಯಾಸ್ತವನ್ನು ಸುಮ್ಮನೆ ತಿಳಿಸುವಂಥ ಮಾತುಗಳನ್ನು ಕಾವ್ಯವೆನ್ನದೆ ‘ವಾರ್ತೆ’ಯೆಂದು ಕರೆದಿದ್ದಾನೆ. ದಂಡಿಯು ಸ್ವಭಾವೋಕ್ತಿಯನ್ನು ‘ಜಾತಿ’ಯೆಂಬ ಹೆಸರಿನಿಂದಲೂ ಕರೆದು ಅಲಂಕಾರಗಳಲ್ಲಿ ಮೊದಲನೆಯ ಸ್ಥಾನವನ್ನು ಕೊಟ್ಟರೆ, ಕುಂತಕನು ಅದಕ್ಕೆ ಅಲಂಕಾರತ್ವವೇ ಇಲ್ಲವೆಂದನು, ವಸ್ತುವಿನ ಸ್ವಭಾವವೇ ಶರೀರವಾದ ಮೇಲೆ ಅದೇ ಆಭರಣವೂ ಆಗುವುದು ಹೇಗೆಂಬುದು ಅವನ ಪ್ರಶ್ನೆ. ಈ ಆಕ್ಷೇಪಕ್ಕೆ ಹನ್ನೊಂದನೆಯ ಶತಮಾನದ ಮಹಿಮಭಟ್ಟನು ‘ವ್ಯಕ್ತಿವಿವೇಕ’ದಲ್ಲಿ ಕೊಟ್ಟಿರುವ ಸಮಾಧಾನವು ಬಹು ಸೂಕ್ಷ್ಮವಾದುದು. ವಸ್ತುವಿಗೆ ಎರಡು ರೂಪಗಳುಂಟು. ಒಂದು ಸಾಮಾನ್ಯ, ಅದು ಎಲ್ಲರ ಮಾತಿಗೂ ಎಟಕುವುದು. ಮತ್ತೊಂದು ವಿಶೇಷ; ಅದು ಪ್ರತ್ಯಕ್ಷಕ್ಕೆ ಗೋಚರಿಸುವುದು, ಪ್ರತಿಭೆಯುಳ್ಳ ಕವಿಯ ಮಾತಿಗೆ ಮಾತ್ರ ಸಿಕ್ಕುವುದು. ಆ ವಿಶೇಷವನ್ನು ಹೇಳಿದಾಗಲೇ ಸ್ವಭಾವೋಕ್ತಿಯು ಅಲಂಕಾರವೆನಿಸುತ್ತದೆ. ಈ ಒರೆಗಲ್ಲಿಗೆ ಹಚ್ಚಿದರೆ ‘ವಿಲೇಜ್’ ಕಾವ್ಯದ ಹೆಸರಿಲ್ಲದ ಮುದುಕನು ಸಾಮಾನ್ಯವೆಂದೂ, ‘ಪ್ಯಾರಿಷ್ ರಿಜಿಸ್ಟರ್’ ಕಾವ್ಯದ ವ್ಯಕ್ತಿಗಳು ವಿಶೇಷವೆಂದೂ ಸ್ಪಷ್ಟವಾಗುತ್ತದೆ.

ಮೊದಲನೆಯ ಭಾಗದ ರಿಚರ್ಡ್ ಮಂಡೇ ಎಂಬವನನ್ನು ನೋಡಬೇಕು. ಅಲೆಮಾರಿಗಳು ಪ್ಯಾರಿಷ್‌ನ ಮೇರೆಯೊಳಗೆ ಒಂದು ಹಸುಗೂಸನ್ನು ಬಿಟ್ಟುಹೋಗುತ್ತಾರೆ. ಇನ್ನು ಅದರ ಪೋಷಣೆಯು ಊರಿನ ಪಾಲು. ಹಿರಿಯರೆಲ್ಲರೂ ಸಭೆ ಸೇರಿ ಹೆಸರಿಡಲು ಯೋಚಿಸುತ್ತಾರೆ. ತನ್ನ ಹೆಸರನ್ನು ಕೊಟ್ಟವನು ತಾನೇ ತಂದೆಯೆಂಬ ಅಪವಾದಕ್ಕೆ ಗುರಿಯಾದಾನೆಂದು ಎಲ್ಲರಿಗೂ ಭಯ. ರಿಚರ್ಡ್ ಎಂದು ಕೂಗಿದರೆ ಓಗೊಡುವವನು ಆ ಊರಿನಲ್ಲಿ ಒಬ್ಬನೂ ಇಲ್ಲವಾದುದರಿಂದ ಅದೇ ಹೆಸರು ನಿಶ್ಚಯವಾಗುತ್ತದೆ. ಕೂಸು ಸಿಕ್ಕಿದ ವಾರವು ಮನೆತನದ ಹೆಸರಾಗುತ್ತದೆ. ಇಷ್ಟು ಮಾಡಿ ಹಿರಿಯರು ತೃಪ್ತರಾಗಿ ಮನೆಗೆ ಹೋಗುತ್ತಾರೆ, ಕೂಸು ಅನಾಥಾಲಯಕ್ಕೆ ಹೋಗುತ್ತದೆ. ಈ ನಾಮಕರಣದಲ್ಲಿ ಒಂದು ನಿಂದೆಯ ಮಾತನ್ನೂ ಕವಿಯು ಹೇಳಿಲ್ಲ. ಆದರೂ ದರಿದ್ರಪೋಷಣೆಯ ಶಾಸನವೆಲ್ಲವೂ ಅದರಲ್ಲಿ ಅಡಗಿದೆ. (ಕನ್ನಡಕ್ಕೆ ಇದನ್ನು ತರುವವರು ಇಲ್ಲಿ ಎಚ್ಚರಿಕೆಯಿಂದಿರಬೇಕು. ‘ಸೋಮವಾರ’ವನ್ನು ನೆನೆದು ಸೋಮನೆಂದೋ ಸೋಮಯ್ಯನೆಂದೋ ಹೆಸರಿಟ್ಟರೆ ಅದು ನಮ್ಮಲ್ಲಿ ದೇವರ ಹೆಸರು, ಗೌರವದ ಹೆಸರು, ಮೂಲದಲ್ಲಿರುವ ಅವಮಾನವು ಅಲ್ಲಿಯೇ ಮಾಯವಾಗುತ್ತದೆ. ಪದಕ್ಕೆ ಪದವು ಸರಿಯಾಗಿದ್ದರೂ ಭಾಷಾಂತರವು ಕೆಡುವುದು ಹೀಗೆ.) ಹುಡುಗನು ಬೆಳೆದು, ಏಟುಗಳನ್ನು ತಿಂದು, ಊರನ್ನು ಬಿಟ್ಟು ಓಡಿ, ಕೊನೆಗೆ ಸರ್ ರಿಚರ್ಡ್ ಮಂಡೇ ಎಂಬ ಶ್ರೀಮಂತನಾಗಿ ಸಾಯುತ್ತಾನೆ. ತನ್ನ ಹುಟ್ಟೂರಿಗೆ ಅವನು ಬಿಟ್ಟ ದಾನವೆಷ್ಟು? ಮೂರು ತಿಂಗಳಿಗೊಮ್ಮೆ ಎರಡು ಪೌಂಡು. ಅದರಲ್ಲಿ ನಲವತ್ತು ರೊಟ್ಟಿಗಳು. ಊರು ಕೊಟ್ಟ ಅನ್ನವನ್ನೂ ಏಟನ್ನೂ ಅವನು ಮರೆತಿರಲಿಲ್ಲವೆಂಬುದನ್ನು ಆ ಲೆಕ್ಕವೇ ಹೇಳುತ್ತದೆ.

ವಿವಾಹಭಾಗದಲ್ಲಿ ಫೀಬಿ ಡಾಸನ್ ಎಂಬ ಹೆಣ್ಣಿನ ಚರಿತ್ರೆಯು ಈ ಕಾವ್ಯದ ಶಿಖರವೆನ್ನಬಹುದು. 1806ರಲ್ಲಿ ಮರಣಶಯ್ಯೆಯಲ್ಲಿದ್ದ ರಾಜ್ಯನೀತಿಜ್ಞ ಚಾರ್ಲ್ಸ್ ಜೇಮ್ಸ್ ಫಾಕ್ಸನು ಹಸ್ತಪ್ರತಿಯಲ್ಲಿ ಇದನ್ನು ಕೇಳಿ ಸಂತೋಷಪಟ್ಟನೆಂದು ಕವಿಯೇ ತನ್ನ ಮುನ್ನುಡಿಯಲ್ಲಿ ಹೇಳಿದ್ದಾನೆ. ಎರಡು ವರ್ಷಗಳ ಹಿಂದೆ ಜಾತ್ರೆಯ ದಿನ ಫೀಬಿಯು ಊರ ಮುಂದಿನ ಹಸಿರು ಬಯಲನ್ನು ನಲಿಯುತ್ತ ದಾಟಿದಳು, ನೋಡಿದವರೆಲ್ಲರೂ ಬೆರಗಾದರು. ಜಮೀನುದಾರನ ಬಟ್ಟೆಯನ್ನು ಹೊಲಿದು, ಅವನ ಸೇವೆಯನ್ನೂ ಮಾಡುವ ದರ್ಜಿಯೊಬ್ಬನು ಅವಳನ್ನು ಒಲಿಸಿಕೊಂಡನು. ಮದುವೆಯಾಯಿತು. ಮುಂದಿನ ಚಿತ್ರದಲ್ಲಿ ಹರಿದ ಹಸಿರು ನಿಲುವಂಗಿ, ಕೆಂಪು ಹೊದಿಕೆ, ಕಂಕುಳಲ್ಲಿ ಒಂದು ಕೂಸು, ಹೊಟ್ಟೆಯಲ್ಲಿ ಇನ್ನೊಂದು. ಒಡೆದ ಹೂಜಿಯಲ್ಲಿ ಹೊಂಡದ ನೀರನ್ನು ತುಂಬಿಕೊಂಡು ಅಂಟುಮಣ್ಣಿನಲ್ಲಿ ಒಂದೊಂದೇ ಹೆಜ್ಜೆಯನ್ನು ಇಡುತ್ತ ಬರುವಾಗ, ಬಯಲಿನ ನಟ್ಟನಡುವೆ ಅವಳ ಕಾಲು ಕೆಸರಿನಲ್ಲಿ ಹೂತುಹೋಗುತ್ತದೆ. ಇದು ಅದೇ ಬಯಲು! ಜಾತ್ರೆಯ ದಿನ ಹಗುರವಾಗಿ ದಾಟಿದ ಹಸಿರೇ ಈಗ ಅವಳ ಕಾಲನ್ನು ಹಿಡಿದಿದೆ. ಕವಿಯು ಇದನ್ನು ಎತ್ತಿ ತೋರಿಸುವುದಿಲ್ಲ; ಆಗ ಹೀಗಿತ್ತು, ಈಗ ಹೀಗಾಯಿತು ಎಂದು ಹೋಲಿಸುವುದೂ ಇಲ್ಲ. ಸ್ಥಳವು ಒಂದೇ ಎಂಬುದನ್ನು ವಾಚಕನು ತಾನೇ ಕಾಣಬೇಕು. ಕಂಡಾಗ ಹೃದಯವು ಹಿಂಡಿದಂತಾಗುತ್ತದೆ. ವ್ಯಂಗ್ಯಾರ್ಥವು ಉಪಮೆರೂಪಕಗಳಿಂದಲೇ ಹುಟ್ಟಬೇಕೆಂದಿಲ್ಲ, ಸ್ವಭಾವೋಕ್ತಿಯಿಂದಲೂ ಹುಟ್ಟಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸುಲಭವಾಗಿ ದೊರೆಯದು.

ಮತ್ತೊಂದು ಜೋಡಿಯನ್ನು ಮದುವೆಗೆ ಕರೆತಂದದ್ದು ಪ್ರೇಮವೂ ಹೌದು, ಅಧಿಕಾರಿಗಳ ವಾರಂಟೂ ಹೌದು. ಹುಟ್ಟಲಿರುವ ಕೂಸು ಊರಿನ ಭಾರವಾಗದಿರಲೆಂದು ಬಲಾತ್ಕಾರದಿಂದ ನಡೆದ ವಿವಾಹವದು. ವಿನೋದವೂ ಇಲ್ಲದಿಲ್ಲ. ಪೀಟರ್ ಪ್ರ್ಯಾಟ್ ಎಂಬ ತೋಟಗಾರನು ಗಿಡಗಳ ಲ್ಯಾಟಿನ್ ನಾಮಗಳಿಗೆ ಮರುಳಾಗಿ ತನ್ನ ಮಗುವಿಗೆ ‘ಲೊನಿಸೆರಾ’ ಎಂದು ಹೆಸರಿಡುತ್ತಾನೆ. ಪಾದ್ರಿಯು ಮೆಲ್ಲನೆ ಕಾರಣವನ್ನು ಕೇಳಿದರೆ, ತೋಟಗಾರನ ಹೆಂಡತಿಯು ಅದು ತಮ್ಮ ಹಕ್ಕೆಂದು ಖಂಡಿತವಾಗಿ ಹೇಳುತ್ತಾಳೆ. ಈ ನಗೆಯು ಕವಿಯು ತನ್ನನ್ನೇ ನೋಡಿ ನಕ್ಕದ್ದೆಂದು ತೋರುತ್ತದೆ. ಕ್ರ್ಯಾಬನು ಸಸ್ಯಶಾಸ್ತ್ರದಲ್ಲಿ ಪರಿಶ್ರಮವುಳ್ಳವನು. ಆ ಶಾಸ್ತ್ರದ ಮೇಲೆ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದಿದ್ದನು. ಇಂಥ ಶಾಸ್ತ್ರವನ್ನು ದೇಶಭಾಷೆಯಲ್ಲಿ ಬರೆದು ಕೀಳುಮಾಡಬಾರದು, ಲ್ಯಾಟಿನ್ನಿನಲ್ಲಿಯೇ ಬರೆಯತಕ್ಕದ್ದು ಎಂದು ಕೇಂಬ್ರಿಜ್ಜಿನ ವಿದ್ವಾಂಸನೊಬ್ಬನು ಆಕ್ಷೇಪಿಸಿದುದರಿಂದ ಅದನ್ನು ಬೆಂಕಿಗೆ ಹಾಕಿದನೆಂದು ಕವಿಯ ಮಗನು 1834ರಲ್ಲಿ ಪ್ರಕಟವಾದ ಜೀವನಚರಿತ್ರೆಯಲ್ಲಿ ಬರೆದಿದ್ದಾನೆ. ಶಾಸ್ತ್ರವನ್ನು ದೇಶಭಾಷೆಗೆ ಇಳಿಸಬಾರದೆಂಬ ವಾದವನ್ನು ಕೇಳಿ ಬಲ್ಲ ಕನ್ನಡದ ವಿದ್ವಾಂಸರಿಗೆ ಆ ಬೂದಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಗುಣಗಳನ್ನು ಹೇಳಿದ ಮೇಲೆ ದೋಷವನ್ನು ಮುಚ್ಚುವುದು ನ್ಯಾಯವಲ್ಲ. ಕ್ರ್ಯಾಬನಲ್ಲಿ ಕವಿಯೂ ಪಾದ್ರಿಯೂ ಒಂದೇ ಲೇಖನಿಯನ್ನು ಹಿಡಿದಿದ್ದಾರೆ. ಒಬ್ಬನು ಚಿತ್ರವನ್ನು ಮುಗಿಸಿದೊಡನೆ ಮತ್ತೊಬ್ಬನು ಉಪದೇಶಕ್ಕೆ ತೊಡಗುತ್ತಾನೆ. ಆತನು ಹಿಡಿದ ಛಂದಸ್ಸೂ ಇದಕ್ಕೆ ಸಹಾಯಕ. ಎರಡೆರಡು ಪಾದಗಳಿಗೆ ಅಂತ್ಯಪ್ರಾಸವುಳ್ಳ ಆ ದ್ವಿಪದಿಯು ಪೋಪ್ ಕವಿಯ ಕಾಲದಿಂದ ಸೂಕ್ತಿಗಳಿಗೆ ಪಳಗಿದುದು. ಬೇಡವೆಂದರೂ ಗಾದೆಯಾಗಿ ಮುಗಿಯುತ್ತದೆ. ಒಂದೊಂದು ದ್ವಿಪದಿಯೂ ದಾಖಲೆಯ ಸಾಲಿನಂತೆ ಚೊಕ್ಕವಾಗಿ ನಿಲ್ಲುವುದರಿಂದ ಈ ವಸ್ತುವಿಗೆ ಒಪ್ಪುವುದಾದರೂ, ನೂರಾರು ಸಾಲುಗಳನ್ನು ಒಟ್ಟಿಗೆ ಓದಿದಾಗ ಆಯಾಸವಾಗುತ್ತದೆ. ಐಸಕ್ ಆಶ್‌ಫರ್ಡ್ ಎಂಬ ಸಜ್ಜನನಾದ ರೈತನ ಚಿತ್ರದ ಮೊದಲರ್ಧವು ಹೀಗೆ ಕೆಟ್ಟಿದೆ. ಸತ್ಯವಂತ, ಧೀರ, ಸಂತುಷ್ಟ, ನಿರಹಂಕಾರಿ ಎಂದು ಗುಣಗಳ ಮಾಲೆಯನ್ನು ಪೋಣಿಸುವಾಗ ಕವಿಯು ತಾನು ಖಂಡಿಸಿದ ಗೋಲ್ಡ್‌ಸ್ಮಿತ್ತನ ಮಾರ್ಗವನ್ನೇ ಹಿಡಿದಿದ್ದಾನೆ. ಇದು ಮತ್ತೆ ಸಾಮಾನ್ಯ. ಆದರೆ ಮುಪ್ಪು ಬಂದು ದುಡಿಮೆ ತಪ್ಪಿದಾಗ ಚಿತ್ರವು ಹಠಾತ್ತಾಗಿ ಜೀವವನ್ನು ಪಡೆಯುತ್ತದೆ. ಇನ್ನು ಅನಾಥಾಲಯವೇ ಗತಿಯೆಂದು ತಿಳಿದು ಐಸಕನು ದಿನದಿನವೂ ಅದನ್ನು ಮನಸ್ಸಿಗೆ ತಂದುಕೊಂಡು, ಅಲ್ಲಿಗೆ ಹೋಗಲು ತನ್ನನ್ನು ಪಳಗಿಸಿಕೊಳ್ಳುತ್ತಾನೆ. ಅಲ್ಲಿಗೆ ಹೋಗುವ ದಿನವು ಬರುವುದಕ್ಕೆ ಮುಂಚೆ ತನ್ನ ಗುಡಿಸಲಿನ ಬಾಗಿಲಲ್ಲಿಯೇ ಬಿದ್ದು ಸಾಯುತ್ತಾನೆ. ಚರ್ಚಿನಲ್ಲಿ ಅವನು ಕುಳಿತುಕೊಳ್ಳುತ್ತಿದ್ದ ಸ್ಥಳವು ಬರಿದಾಗಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ಪಾದ್ರಿಯ ಕಣ್ಣು ಅತ್ತಲೇ ಹೋಗುತ್ತದೆ. ಮೊದಲಿನ ಇಪ್ಪತ್ತು ವಿಶೇಷಣಗಳು ಮಾಡಲಾರದುದನ್ನು ಆ ಬರಿದಾದ ಪೀಠವು ಮಾಡುತ್ತದೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ ‘ಗ್ರಾಮ್ಯ’ವೆಂಬುದು ಒಂದು ದೋಷದ ಹೆಸರು. ವಾಮನನು ಲೋಕದಲ್ಲಿ ಮಾತ್ರ ಬಳಕೆಯಾಗುವ ಪದವನ್ನು ಹಾಗೆ ಕರೆದನು. ಆದರೂ ಗ್ರಾಮವು ನಮ್ಮ ಕವಿಗಳ ಕಣ್ಣಿಗೆ ಬಿದ್ದಿಲ್ಲವೆನ್ನುವುದು ತಪ್ಪು. ಹಾಲನ ‘ಗಾಥಾಸಪ್ತಶತಿ’ಯು ಹಳ್ಳಿಯ ಕಾವ್ಯವೇ ಸರಿ. ವಿದ್ಯಾಕರನ ‘ಸುಭಾಷಿತರತ್ನಕೋಶ’ವು 1957ರಲ್ಲಿ ಮುದ್ರಣಗೊಂಡ ಮೇಲೆ, ಬಂಗಾಳದ ಹೊಲಗದ್ದೆಗಳನ್ನು ಕಣ್ಣಿಗೆ ಕಟ್ಟುವಂತೆ ಬರೆದ ಯೋಗೇಶ್ವರನಂಥ ಕವಿಯೂ ವಿದ್ವಾಂಸರ ಗಮನಕ್ಕೆ ಬಂದನು, ಆ ಸಂಕಲನದಲ್ಲಿ ‘ಜಾತಿ’ಗೆ ಬೇರೆ ಒಂದು ಪ್ರಕರಣವೇ ಮೀಸಲಾಗಿದೆ. ವಸ್ತುವಿನ ವಿಶೇಷವನ್ನು ಹಿಡಿಯುವುದರಲ್ಲಿ ಈ ಮುಕ್ತಕಗಳು ಕ್ರ್ಯಾಬನಿಗೆ ಸ್ವಲ್ಪವೂ ಕಡಿಮೆಯಲ್ಲ. ನಿಷ್ಕರ್ಷವಾದ ಮಾತಿನಲ್ಲಿ ಎಷ್ಟೋ ಮೇಲು. ಆದರೆ ಅಲ್ಲಿರುವವನು ಹಾಲಿಕ, ಪಾಮರ, ಗ್ರಾಮಣಿ, ಪಥಿಕ, ಇಂಥವನೆಂಬ ಹೆಸರಿಲ್ಲ. ಮುಕ್ತಕಕ್ಕೆ ಕ್ಷಣವುಂಟು, ಆಯುಸ್ಸಿಲ್ಲ. ಹಳ್ಳಿಗನ ಸ್ವಂತ ಹೆಸರು ಬೇಕಾದರೆ ಕಾವ್ಯಗಳನ್ನು ಬಿಟ್ಟು ಕನ್ನಡನಾಡಿನ ವೀರಗಲ್ಲುಗಳ ಬಳಿಗೆ ಹೋಗಬೇಕು. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಹೆಸರು ಅಲ್ಲಿ ಕಲ್ಲಿನಲ್ಲಿದೆ. ಸತ್ತ ರೀತಿಯಿಂದ ಹೆಸರನ್ನು ಗಳಿಸಿದವನು ಅವನು. ಹುಟ್ಟಿದ್ದಕ್ಕೂ ಮದುವೆಯಾದದ್ದಕ್ಕೂ ಸುಮ್ಮನೆ ಸತ್ತದ್ದಕ್ಕೂ ಹೆಸರನ್ನು ಕಾವ್ಯದಲ್ಲಿ ಬರೆದದ್ದು ಕ್ರ್ಯಾಬನ ಹೊಸತನ.

ಈ ಕಾವ್ಯದ ಸತ್ಯವನ್ನು ಕುರಿತು ಕೇಳಲೇಬೇಕಾದ ಪ್ರಶ್ನೆಯೊಂದು ಉಳಿದಿದೆ. ಸಮಾಧಿಭಾಗದಲ್ಲಿ ಊರಿನ ದೊಡ್ಡ ಮನೆಯ ಒಡತಿಯ ಶವಯಾತ್ರೆಯು ಬರುತ್ತದೆ. ಅವಳು ಪಟ್ಟಣದಲ್ಲಿಯೇ ವಾಸವಾಗಿದ್ದವಳು. ಊರಿನ ಮನೆಯು ಹಾಳುಬಿದ್ದಿತ್ತು. ಸತ್ತ ಮೇಲೆ ಮೂಳೆಗಳು ಮಾತ್ರ ಆಡಂಬರದಿಂದ ಊರಿಗೆ ಬಂದುವು. ಕವಿಯ ವ್ಯಂಗ್ಯವು ಇಲ್ಲಿ ಬಹು ಹರಿತವಾಗಿದೆ. ಆದರೆ ಕ್ರ್ಯಾಬನು ತಾನೇ 1789ರಲ್ಲಿ ಲೆಸ್ಟರ್ ಪ್ರಾಂತದ ಮಸ್ಟನ್ ಎಂಬ ಹಳ್ಳಿಗೆ ಪಾದ್ರಿಯಾಗಿ, 1792ರಲ್ಲಿ ಅದನ್ನು ಬಾಡಿಗೆಯ ಪಾದ್ರಿಯ ವಶಕ್ಕೆ ಬಿಟ್ಟು ಸಫೋಕಿಗೆ ಹೊರಟುಹೋದನು. ಪಾದ್ರಿಗಳು ತಮ್ಮ ಪ್ಯಾರಿಷ್‌ನಲ್ಲಿಯೇ ವಾಸಿಸಬೇಕೆಂಬ ನಿರ್ಬಂಧವು ಬಿಗಿಯಾದ ಮೇಲೆ 1805ರಲ್ಲಿ ಹಿಂದಿರುಗಿದನು. ‘ಪ್ಯಾರಿಷ್ ರಿಜಿಸ್ಟರ್’ ಕಾವ್ಯವನ್ನು ಆರಂಭಿಸಿದುದು ಈ ದೂರವಾಸದಲ್ಲಿಯೇ. ತನ್ನ ಜನರ ನಡುವೆ ಇಲ್ಲದವನು ತನ್ನ ಜನರ ಪುಸ್ತಕವನ್ನು ಬರೆದನು! ಇದರಿಂದ ಕಾವ್ಯವು ಸುಳ್ಳಾಗುವುದೆಂದು ಕೆಲವರಿಗೆ ತೋರಬಹುದು. ಹಾಗಾಗುವುದಿಲ್ಲ, ಸಫೋಕಿನಲ್ಲಿಯೂ ಆತನು ಹಳ್ಳಿಯ ಚರ್ಚುಗಳಲ್ಲಿಯೇ ಕೆಲಸ ಮಾಡುತ್ತಿದ್ದವನು. ಆದರೆ ಒಡತಿಯನ್ನು ಕುರಿತ ಆ ಕಠಿಣವಾದ ಸಾಲುಗಳನ್ನು ಬರೆಯುವಾಗ ಆತನ ಕೈ ಸ್ವಲ್ಪವೂ ತಡೆಯಲಿಲ್ಲವೆಂಬುದು ವಿಚಾರಾರ್ಹ.

ಬಹುಶಃ ಅದರ ಉತ್ತರವು ಕಾವ್ಯದ ಕೊನೆಯಲ್ಲಿದೆ. ವರ್ಷದ ಕೊನೆಯ ಸಾವಿಗಾಗಿ ಗಂಟೆಯು ಬಾರಿಸುತ್ತದೆ. ಸತ್ತವರು ಯಾರೆಂದು ಗೋರಿ ತೋಡುವವನನ್ನೇ ಕೇಳಿ ಬಾ ಎಂದು ಪಾದ್ರಿಯು ಹೇಳುತ್ತಾನೆ. ಸತ್ತವನು ಆ ಗೋರಿ ತೋಡುವ ಮುದುಕ ಡಿಬಲನೇ ಎಂದು ತಿಳಿಯುತ್ತದೆ. ಈ ಡಿಬಲನು ಬದುಕಿದ್ದಾಗ ತಾನು ಹೂಳಿದ ಐವರು ಪಾದ್ರಿಗಳ ಗುಣದೋಷಗಳನ್ನು ಹೇಳುತ್ತಿದ್ದನು. ಅವರಲ್ಲಿ ಗಂಭೀರವಾದ ನಡಿಗೆಯವನೊಬ್ಬನು, ಗ್ರಂಥಕರ್ತನೊಬ್ಬನು, ಕೇಂಬ್ರಿಜ್ಜಿನಿಂದ ಬಂದು ಉತ್ಸಾಹದಲ್ಲಿಯೇ ಸವೆದುಹೋದ ಯುವಕನೊಬ್ಬನು. ಇಷ್ಟು ಹೊತ್ತೂ ಊರಿನವರನ್ನು ತೂಗುತ್ತಿದ್ದ ಪಾದ್ರಿಗಳನ್ನು ಈಗ ಸಲಿಕೆ ಹಿಡಿದವನು ತೂಗುತ್ತಾನೆ. ಇನ್ನು ಯಾರನ್ನೂ ಕಳೆದುಕೊಳ್ಳದಂತೆ ದೇವರು ನಡಸಲಿ ಎಂದು ಅವನು ಬಾಯಲ್ಲಿ ಹೇಳಿದರೂ, ನಿನ್ನನ್ನೂ ನಾನೇ ಹೊತ್ತೇನು ಎಂದು ಅವನ ಓರೆನೋಟವು ಕೇಳುತ್ತಿರುವ ಪಾದ್ರಿಗೆ ಹೇಳುತ್ತದೆ. ಆ ನೋಟವನ್ನು ಕವಿಯು ಮರೆಮಾಡದೆ ಬರೆದಿದ್ದಾನೆ. ಮುಂದಿನ ವರ್ಷವೂ ಮಕ್ಕಳು ಹೆಸರನ್ನು ಪಡೆಯುವರು, ವಧೂವರರು ಬಂದು ಮೊಣಕಾಲೂರುವರು, ಮುದುಕರು ಹೋಗುವರು. ಆಗ ಈ ಪುಸ್ತಕವನ್ನು ತೆರೆಯುವವನು ಇದೇ ಪಾದ್ರಿಯೋ ಅಥವಾ ಅವನಂಥ ಮತ್ತೊಬ್ಬನೋ ಎಂಬ ಸಂದೇಹದಲ್ಲಿ ಕಾವ್ಯವು ಮುಗಿಯುತ್ತದೆ.